ಅಕಲೇಶಿಯಾ: ನುಂಗಲಾಗದ ದಿನಗಳು ಮತ್ತು ವಿದೇಶದ ಆಪರೇಷನ್ – ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟ ಯಾರಿಗೆ?

ಅಕಲೇಶಿಯಾ ಇದೆ ಎಂದು ಗೊತ್ತಾಗಿ, ಬೇರೆ ದೇಶದಲ್ಲಿ ಆಪರೇಷನ್ನಿಗೆ ತಾರೀಖು ಕಾಯುತ್ತಿರುವವರಿಗೆ, ಅವರ ಜೊತೆ ಹೋಗುವವರಿಗೆ. ಈ ಕಾಯಿಲೆಯಲ್ಲಿ ಆಪರೇಷನ್ ಥಿಯೇಟರಿನೊಳಗೆ ಎಡವಟ್ಟಾಗುವುದು ಕಡಿಮೆ. ಆಗುವುದೆಲ್ಲ ಅದಕ್ಕೆ ಮುಂಚಿನ ವಾರಗಳಲ್ಲಿ, ಇಲ್ಲವೇ ಮನೆಗೆ ಮರಳಿದ ಮೇಲಿನ ತಿಂಗಳುಗಳಲ್ಲಿ. ಹಾಗಾಗಿ ಇಲ್ಲಿನ ಉತ್ತರಗಳು ಆ ಎರಡು ಅವಧಿಗಳ ಬಗ್ಗೆಯೇ ಹೆಚ್ಚು ಮಾತಾಡುತ್ತವೆ. ಔಷಧ ಯಾವುದು, ಎಷ್ಟು ಎಂಬುದನ್ನು ನಿಮ್ಮನ್ನು ನೋಡುತ್ತಿರುವ ವೈದ್ಯರೇ ಹೇಳಬೇಕು.

ಅಷ್ಟಕ್ಕೂ ಒಳಗೆ ಏನಾಗಿರುತ್ತದೆ?

ಅನ್ನನಾಳ ತುತ್ತನ್ನು ಅಲೆಅಲೆಯಾಗಿ ಹಿಂಡುತ್ತಾ ಕೆಳಗೆ ತಳ್ಳುತ್ತದೆ. ತುತ್ತು ಕೆಳಗೆ ಬರುವ ಹೊತ್ತಿಗೆ ಜಠರದ ಬಾಯಲ್ಲಿರುವ ಬಿಗಿ ಸ್ನಾಯು, ವೈದ್ಯರು ವಾಲ್ವ್ ಎನ್ನುವುದು, ಸಡಿಲವಾಗಿ ದಾರಿ ಬಿಡಬೇಕು. ಸಡಿಲವಾಗು ಎಂದು ಹೇಳುವ ನರಕೋಶಗಳು ಅನ್ನನಾಳದ ಗೋಡೆಯೊಳಗೇ ಇರುತ್ತವೆ. ಅಕಲೇಶಿಯಾದಲ್ಲಿ ಅವು ಸತ್ತುಹೋಗಿರುತ್ತವೆ. ವಾಲ್ವ್ ಬಿಗಿಯಾಗೇ ಉಳಿಯುತ್ತದೆ, ಮೇಲಿನಿಂದ ತಳ್ಳುವ ಅಲೆಯೂ ನಿಲ್ಲುತ್ತದೆ. ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು ಒಬ್ಬರಿಗೆ ಹೊಸದಾಗಿ ಬರುವ ಕಾಯಿಲೆ ಇದು.

ಸತ್ತ ನರಕೋಶ ಮತ್ತೆ ಹುಟ್ಟುವುದಿಲ್ಲ. ಯಾವ ದೇಶದಲ್ಲಿ, ಎಂಥ ಸರ್ಜನ್ ಕೈಯಲ್ಲಿ ಆಪರೇಷನ್ ಆದರೂ ವಾಲ್ವನ್ನು ಸಡಿಲ ಮಾಡಬಹುದೇ ಹೊರತು ತಳ್ಳುವ ಶಕ್ತಿಯನ್ನು ವಾಪಸ್ ತರಲಾಗುವುದಿಲ್ಲ. ಇದು ಹೊರಡುವ ಮುಂಚೆಯೇ ಮನಸ್ಸಿನಲ್ಲಿರಲಿ.

ಎಂಡೋಸ್ಕೋಪಿ ನಾರ್ಮಲ್ ಬಂತು, ಗ್ಯಾಸ್ಟ್ರಿಕ್ ಎಂದು ಮಾತ್ರೆ ಕೊಟ್ಟರು. ಆದರೂ ಊಟ ಇಳಿಯುತ್ತಿಲ್ಲ. ಏಕೆ?

ಕಾಯಿಲೆಯ ಆರಂಭದಲ್ಲಿ ಎಂಡೋಸ್ಕೋಪಿಯಲ್ಲಿ ಏನೂ ಕಾಣದಿರುವುದು ಮಾಮೂಲು. ನಳಿಕೆಯನ್ನು ಸ್ವಲ್ಪ ಒತ್ತಿದರೆ ವಾಲ್ವ್ ದಾಟಿಬಿಡುತ್ತದೆ. ಎದೆಯುರಿಯೂ ದಾರಿ ತಪ್ಪಿಸುತ್ತದೆ. ಅದು ಜಠರದ ಆಸಿಡ್ ಮೇಲೆ ಬಂದದ್ದರಿಂದಲೇ ಆಗಬೇಕೆಂದಿಲ್ಲ, ಅನ್ನನಾಳದಲ್ಲೇ ನಿಂತ ಆಹಾರ ಹುಳಿಯುವುದರಿಂದಲೂ ಆಗುತ್ತದೆ. ವಾಪಸ್ ಬಂದದ್ದು ಹುಳಿಯಾಗಿ ಕಹಿಯಾಗಿ ಇರದೆ, ತಿಂದದ್ದು ತಿಂದ ಹಾಗೇ ಇದ್ದರೆ ಅದು ಜಠರಕ್ಕೆ ಹೋಗಿಯೇ ಇಲ್ಲ ಎಂದರ್ಥ. ಘನ ಆಹಾರ, ನೀರು ಎರಡೂ ಮೊದಲಿನಿಂದಲೇ ಕಷ್ಟವಾಗಿದ್ದರೆ ಆ ಮಾತನ್ನು ವೈದ್ಯರಿಗೆ ಒತ್ತಿ ಹೇಳಿ.

ಕ್ಯಾನ್ಸರ್ ಇರಬಹುದೇ?

ವಯಸ್ಸು 55 ದಾಟಿದ್ದು, ತೊಂದರೆ ಕೆಲವೇ ತಿಂಗಳಲ್ಲಿ ಬೆಳೆದು, ತೂಕ ಬೇಗ ಇಳಿದಿದ್ದರೆ ಅದನ್ನು ಮೊದಲು ತಳ್ಳಿಹಾಕಬೇಕು. ವಾಲ್ವಿನ ಹತ್ತಿರದ ಗೆಡ್ಡೆ ಅಕಲೇಶಿಯಾದ ಹಾಗೆಯೇ ನಟಿಸಬಲ್ಲದು. ಅಂಥವರಿಗೆ ಎಂಡೋಸ್ಕೋಪಿಯ ಜೊತೆ ಸಿ.ಟಿ. ಸ್ಕ್ಯಾನ್ ಅಥವಾ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಬೇಕಾಗುತ್ತದೆ. ಇದನ್ನು ಹೊರಡುವ ಮುಂಚೆಯೇ ಮುಗಿಸಿ. ಅಲ್ಲಿ ಹೋದ ಮೇಲೆ ಗೊತ್ತಾದರೆ ಯೋಜನೆಯೆಲ್ಲ ತಲೆಕೆಳಗಾಗುತ್ತದೆ.

ಯಾವ ಪರೀಕ್ಷೆಗಳು ಆಗಿರಲೇಬೇಕು?

ಮೂರು. ಎಂಡೋಸ್ಕೋಪಿ, ಟೈಮ್ಡ್ ಬೇರಿಯಂ, ಹೈ ರೆಸಲ್ಯೂಷನ್ ಮ್ಯಾನೊಮೆಟ್ರಿ.

ಬೇರಿಯಂ ಪರೀಕ್ಷೆಯಲ್ಲಿ ಎಕ್ಸ್‌ರೇಯಲ್ಲಿ ಬಿಳಿಯಾಗಿ ಕಾಣುವ ಬೇರಿಯಂ ದ್ರವವನ್ನು ತೆಳುವಾಗಿ 100ರಿಂದ 200 ಮಿ.ಲೀ. ಕುಡಿಸಿ, ನಿಲ್ಲಿಸಿ, 1, 2 ಮತ್ತು 5 ನಿಮಿಷಕ್ಕೆ ಎಕ್ಸ್‌ರೇ ತೆಗೆಯುತ್ತಾರೆ. ಐದು ನಿಮಿಷದ ಮೇಲೂ 2 ಸೆಂ.ಮೀ.ಗಿಂತ ಎತ್ತರಕ್ಕೆ ಬೇರಿಯಂ ನಿಂತಿದ್ದರೆ ಅನ್ನನಾಳ ಖಾಲಿಯಾಗುತ್ತಿಲ್ಲ. ಆಪರೇಷನ್ ಆದಮೇಲೆ ಇದೇ ಪರೀಕ್ಷೆ ಮತ್ತೆ ಮಾಡಿ ಹೋಲಿಸಬೇಕಾಗುವುದರಿಂದ ರಿಪೋರ್ಟಿನಲ್ಲಿ ಎತ್ತರ, ಅಗಲ ಎರಡನ್ನೂ ಸೆಂಟಿಮೀಟರಿನಲ್ಲಿ ಬರೆಸಿಕೊಳ್ಳಿ. "ಬೇರಿಯಂ ನಿಧಾನವಾಗಿ ಇಳಿಯಿತು" ಎಂಬ ಒಂದು ಸಾಲಿನ ರಿಪೋರ್ಟ್ ಆಗ ಯಾವ ಉಪಯೋಗಕ್ಕೂ ಬರುವುದಿಲ್ಲ.

ಮ್ಯಾನೊಮೆಟ್ರಿಯಲ್ಲಿ ಮೂಗಿನ ಮೂಲಕ ತೆಳುವಾದ ಟ್ಯೂಬ್ ಇಳಿಸಿ, 5 ಮಿ.ಲೀ. ನೀರಿನ ಗುಟುಕುಗಳನ್ನು ನುಂಗಿಸಿ ಒತ್ತಡ ಅಳೆಯುತ್ತಾರೆ. ಹಿತವಾಗಿರುವುದಿಲ್ಲ, ಆದರೆ ಚಿಕಿತ್ಸೆಯ ಆಯ್ಕೆ ನಿಂತಿರುವುದೇ ಇದರ ಮೇಲೆ. ಟೈಪ್ 1ರಲ್ಲಿ ಅನ್ನನಾಳ ಸುಮ್ಮನೆ ಬಿದ್ದಿರುತ್ತದೆ. ಟೈಪ್ 2ರಲ್ಲಿ ಒಳಗಿನ ಒತ್ತಡ ಇಡೀ ಉದ್ದಕ್ಕೂ ಒಮ್ಮೆಗೇ ಏರುತ್ತದೆ. ಚಿಕಿತ್ಸೆಗೆ ಚೆನ್ನಾಗಿ ಬಗ್ಗುವುದು ಇದೇ. ಟೈಪ್ 3ರಲ್ಲಿ ಸ್ನಾಯು ಸೆಳೆತ ಹಿಡಿದಂತೆ ಹಿಂಡುತ್ತದೆ, ಎದೆನೋವು ಜಾಸ್ತಿ, ಚಿಕಿತ್ಸೆಗೂ ಇದೇ ಹಠಮಾರಿ. ನೋವಿಗೆ ಓಪಿಯಾಯ್ಡ್ ಗುಂಪಿನ (ಮಾರ್ಫಿನ್, ಟ್ರಮಡಾಲ್‌ನಂಥ) ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಪರೀಕ್ಷೆಗೆ ಮುಂಚೆ ಹೇಳಿಬಿಡಿ; ಅವು ಟೈಪ್ 3ರಂಥದೇ ಚಿತ್ರ ಮೂಡಿಸಬಲ್ಲವು.

ತಾರೀಖು ಬರುವವರೆಗೆ ಊಟ ಹೇಗೆ?

ತಳ್ಳುವ ಅಲೆ ಇಲ್ಲದ್ದರಿಂದ ಆಹಾರ ಇಳಿಯುವುದು ತನ್ನ ಭಾರದಿಂದ, ಮೇಲಿನ ನೀರಿನ ಒತ್ತಡದಿಂದ. ಆದ್ದರಿಂದ ನೆಟ್ಟಗೆ ಕೂತು ತಿನ್ನಬೇಕು, ಊಟವಾದ ಮೇಲೂ ಗಂಟೆಯಾದರೂ ಬಾಗದೆ ಇರಬೇಕು. ತುತ್ತು ಚಿಕ್ಕದಿರಲಿ, ಬಾಯಲ್ಲೇ ಪೇಸ್ಟ್ ಆಗುವಷ್ಟು ಅಗಿಯಿರಿ. ನಾಲ್ಕೈದು ತುತ್ತಿಗೊಮ್ಮೆ ಉಗುರುಬೆಚ್ಚಗಿನ ನೀರು ಕುಡಿಯಿರಿ. ತಣ್ಣಗಿನದು ಹಲವರಲ್ಲಿ ವಾಲ್ವನ್ನು ಇನ್ನಷ್ಟು ಬಿಗಿ ಮಾಡುತ್ತದೆ.

ಕೈಕೊಡುವುದು ಸಾಮಾನ್ಯವಾಗಿ ಮೆತ್ತಗಿನ ಬ್ರೆಡ್, ಒಣ ಮಾಂಸ, ಮುದ್ದೆಗಟ್ಟಿದ ಅನ್ನ, ನಾರಿನ ತರಕಾರಿ. ಬ್ರೆಡ್ ಮೆತ್ತಗಿದೆಯಲ್ಲ ಎಂದು ಅನೇಕರು ಮೋಸ ಹೋಗುತ್ತಾರೆ. ಎಂಜಲು ತಾಗಿದ ಕೂಡಲೇ ಅದು ಅಂಟುಂಡೆಯಾಗಿ ವಾಲ್ವಿನ ಮೇಲೆ ಕೂತುಬಿಡುತ್ತದೆ. ಗರಿಗರಿಯಾಗಿ ಸುಟ್ಟ ಬ್ರೆಡ್ ಚೂರು ಎಷ್ಟೋ ಸಲ ಅದಕ್ಕಿಂತ ಸಲೀಸಾಗಿ ಹೋಗುತ್ತದೆ. ಮೂರು ದೊಡ್ಡ ಊಟದ ಬದಲು ಆರು ಚಿಕ್ಕವು ಮಾಡಿಕೊಳ್ಳಿ, ದಿನದ ದೊಡ್ಡ ಊಟ ಮಧ್ಯಾಹ್ನವೇ ಮುಗಿಯಲಿ. ಯಾರೋ ಎದುರು ಕಾಯುತ್ತಿದ್ದಾರೆ ಎಂಬ ಅವಸರ ಇದ್ದ ದಿನ ಇಳಿಯುವುದೂ ಕಷ್ಟವೇ. ಮನೆಯವರಿಗೆ ಇದು ಗೊತ್ತಿರಬೇಕು.

ಎದೆಯಲ್ಲಿ ಸಿಕ್ಕಿಕೊಂಡರೆ?

ತಿನ್ನುವುದನ್ನು ನಿಲ್ಲಿಸಿ, ಎದ್ದು ನಿಂತು, ಬೆನ್ನು ನೆಟ್ಟಗೆ ಮಾಡಿ ಎರಡೂ ಕೈ ಮೇಲೆತ್ತಿ. ಬೆಚ್ಚಗಿನ ನೀರು ಒಂದೊಂದೇ ಗುಟುಕು. ಸ್ವಲ್ಪ ನಡೆದಾಡಿ. ನೀರೂ ಮೇಲಕ್ಕೇ ಬರುತ್ತಿದ್ದರೆ ಇನ್ನಷ್ಟು ಸುರಿಯಬೇಡಿ. ಮೇಲೆ ನಿಂತ ನೀರು ಶ್ವಾಸನಾಳಕ್ಕೆ ಹೋಗುವ ಅಪಾಯವಿದೆ. ಎಂಜಲನ್ನೂ ನುಂಗಲಾಗದೆ ಉಗುಳುತ್ತಲೇ ಇದ್ದರೆ ಅದು ತುರ್ತು, ಕೂಡಲೇ ಎಂಡೋಸ್ಕೋಪಿ ಇರುವ ಆಸ್ಪತ್ರೆಗೆ ಹೋಗಬೇಕು. ಎಂಜಲು ಇಳಿಯುತ್ತಿದ್ದರೂ ಸಿಕ್ಕಿದ ತುತ್ತು ಇಳಿದಿಲ್ಲವೆಂದರೆ 24 ಗಂಟೆ ಮೀರಬಾರದು. ಮಾಂಸ ಕರಗಿಸುವ ಕಿಣ್ವದ ಪುಡಿಗಳನ್ನು ನುಂಗಬೇಡಿ, ಅನ್ನನಾಳವೇ ತೂತಾದ ಉದಾಹರಣೆಗಳಿವೆ.

ರಾತ್ರಿ ಕೆಮ್ಮು, ದಿಂಬಿನ ಮೇಲೆ ನೀರು. ಇದಕ್ಕೇನು?

ಮಲಗಿದಾಗ ಅನ್ನನಾಳದಲ್ಲಿ ನಿಂತದ್ದು ಗಂಟಲಿಗೆ ಹರಿಯುತ್ತದೆ. ಈ ಕಾಯಿಲೆಯಲ್ಲಿ ನಿಜಕ್ಕೂ ಹೆದರಬೇಕಾದದ್ದು ಇದಕ್ಕೆ, ಏಕೆಂದರೆ ಹೀಗೆ ಬಂದ ನ್ಯುಮೋನಿಯಾ ಆಪರೇಷನ್ನನ್ನೇ ಮುಂದೂಡಿಸುತ್ತದೆ. ಮಲಗುವ ನಾಲ್ಕು ಗಂಟೆ ಮೊದಲು ಘನ ಆಹಾರ ನಿಲ್ಲಿಸಿ. ತಲೆದಿಂಬು ಹೆಚ್ಚಿಸಿದರೆ ಕತ್ತು ಮಾತ್ರ ಬಾಗುತ್ತದೆ, ಹೊಟ್ಟೆ ಮಡಿಸಿಕೊಳ್ಳುತ್ತದೆ. ಮಂಚದ ತಲೆ ಕಡೆಯ ಕಾಲುಗಳ ಕೆಳಗೆ 15–20 ಸೆಂ.ಮೀ. ಎತ್ತರ ಕೊಡಿ, ಅಥವಾ ಸೊಂಟದಿಂದಲೇ ಏರುವ ಇಳಿಜಾರು ಹಾಸಿಗೆ ಬಳಸಿ. ಜ್ವರ, ಹಳದಿ ಕಫ, ಉಸಿರು ಕಟ್ಟುವುದು ಇವು ಕಂಡರೆ ಎದೆಯ ಎಕ್ಸ್‌ರೇ ಆಗಲೇಬೇಕು.

ದಿನಾ ನುಂಗುವ ಮಾತ್ರೆಗಳ ಕಥೆ?

ಮಾತ್ರೆ ಅಲ್ಲೇ ನಿಂತು ಕರಗಿದರೆ ಗೋಡೆ ಹುಣ್ಣಾಗುತ್ತದೆ. ಡಾಕ್ಸಿಸೈಕ್ಲಿನ್, ಪೊಟ್ಯಾಸಿಯಂ, ನೋವಿನ ಮಾತ್ರೆಗಳು, ಮೂಳೆ ಸವೆತದ ಅಲೆಂಡ್ರೊನೇಟ್ ಇದರಲ್ಲಿ ಹೆಸರುವಾಸಿ. ಸಿರಪ್ ಅಥವಾ ನೀರಿನಲ್ಲಿ ಕರಗುವ ರೂಪ ಇದೆಯೇ ಎಂದು ಫಾರ್ಮಸಿಸ್ಟ್ ಹತ್ತಿರ ಕೇಳಿ. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯನ್ನು ಪುಡಿ ಮಾಡಿದರೆ ಇಡೀ ದಿನದ ಡೋಸ್ ಒಮ್ಮೆಗೇ ಮೈ ಸೇರುತ್ತದೆ, ಅದು ಬೇಡ. ಬಿ.ಪಿ., ಫಿಟ್ಸ್, ಥೈರಾಯ್ಡ್ ಹಿಡಿತ ತಪ್ಪಿದ್ದರೆ ಮಾತ್ರೆ ಜಠರ ತಲುಪುತ್ತಲೇ ಇಲ್ಲವೇನೋ ಎಂದು ಮೊದಲು ಅನುಮಾನಿಸಿ.

ವಾಲ್ವ್ ಸಡಿಲಿಸಲು ಊಟಕ್ಕೆ ಮುಂಚೆ ನಾಲಿಗೆ ಕೆಳಗೆ ಇಡುವ ಐಸೊಸಾರ್ಬೈಡ್ ಅಥವಾ ನಿಫೆಡಿಪಿನ್ ಕೆಲವರಿಗೆ ಕೊಡುತ್ತಾರೆ. ಕೆಲಸ ಅಷ್ಟಕ್ಕಷ್ಟೇ. ತಲೆನೋವು, ತಲೆಸುತ್ತು ಮಾತ್ರ ಗ್ಯಾರಂಟಿ ಎನ್ನುವಷ್ಟು.

ತೂಕ ಇಳಿಯುತ್ತಲೇ ಇದೆ. ಎಲ್ಲಿಯವರೆಗೆ ಕಾಯಬಹುದು?

ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ತೂಕ ನೋಡಿ ಬರೆದಿಡಿ. ಮೂರರಿಂದ ಆರು ತಿಂಗಳಲ್ಲಿ ಶೇ. 10ಕ್ಕಿಂತ ಹೆಚ್ಚು ಇಳಿದಿದ್ದರೆ ಕಾಯುವುದಲ್ಲ, ಪೋಷಣೆಯ ಚಿಕಿತ್ಸೆ ಶುರುವಾಗಬೇಕು. ನೀರಿನಂಥ ಸೂಪಿನಲ್ಲಿ ಹೊಟ್ಟೆ ತುಂಬುತ್ತದೆ, ಶಕ್ತಿ ಬರುವುದಿಲ್ಲ. ಮಿ.ಲೀ.ಗೆ 1.5 ಕಿಲೊಕ್ಯಾಲೊರಿ ಇರುವ ವೈದ್ಯಕೀಯ ಪೋಷಕ ಪಾನೀಯ 200 ಮಿ.ಲೀ. ಕುಡಿದರೆ 300 ಕಿಲೊಕ್ಯಾಲೊರಿ ಸಿಗುತ್ತದೆ. ಊಟದ ನಡುವೆ ನಾಲ್ಕು ಸಲ ಗುಟುಕರಿಸಿದರೆ ದಿನದ ಅಗತ್ಯದ ದೊಡ್ಡ ಪಾಲೇ ಆಯಿತು. ಅದೂ ಇಳಿಯದಿದ್ದರೆ ಮೂಗಿನ ಮೂಲಕ ಜಠರಕ್ಕೆ ಟ್ಯೂಬ್ ಹಾಕುತ್ತಾರೆ.

ಐದಾರು ದಿನ ಹೆಚ್ಚೇನೂ ಒಳಗೆ ಹೋಗದ ಮೈಗೆ ಒಮ್ಮೆಲೇ ಪೂರ್ತಿ ಆಹಾರ ಕೊಟ್ಟರೆ ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಕುಸಿದು ಹೃದಯದ ಬಡಿತ ಏರುಪೇರಾಗಬಹುದು. ಅಂಥವರಿಗೆ ಆಹಾರಕ್ಕೆ ಮೊದಲು ಥಯಾಮಿನ್ (ವಿಟಮಿನ್ ಬಿ1) ಕೊಟ್ಟು, ರಕ್ತಪರೀಕ್ಷೆ ನೋಡುತ್ತಾ ಮೆಲ್ಲಗೆ ಏರಿಸುತ್ತಾರೆ.

ಇನ್ನೂ ಬೇಗನೆಯ ತಾರೀಖು ಕೊಡಿ ಎಂದು ಕೇಳಬಹುದೇ?

ಕೇಳಬಹುದು, ಅಂಕಿಗಳ ಸಮೇತ ಕೇಳಿ. ಎಕಾರ್ಡ್ ಸ್ಕೋರ್ ಎಂಬ ಲೆಕ್ಕವನ್ನು ಎಲ್ಲ ದೇಶದ ತಜ್ಞರೂ ಬಲ್ಲರು. ನುಂಗಲು ಕಷ್ಟ, ವಾಪಸ್ ಬರುವುದು, ಎದೆನೋವು ಈ ಮೂರಕ್ಕೂ ಇಲ್ಲದಿದ್ದರೆ 0, ಆಗೊಮ್ಮೆ ಈಗೊಮ್ಮೆ ಆದರೆ 1, ದಿನಾ ಆದರೆ 2, ಪ್ರತಿ ಊಟಕ್ಕೂ ಆದರೆ 3. ತೂಕ 5 ಕೆ.ಜಿ.ಗಿಂತ ಕಡಿಮೆ ಇಳಿದಿದ್ದರೆ 1, 5ರಿಂದ 10 ಕೆ.ಜಿ.ಗೆ 2, ಅದಕ್ಕೂ ಹೆಚ್ಚಾದರೆ 3. ಒಟ್ಟು 12. ಸ್ಕೋರ್ 3 ದಾಟಿದರೆ ಕಾಯಿಲೆ ಜೋರಾಗಿದೆ ಎಂದೇ ಲೆಕ್ಕ. "ತುಂಬಾ ಕಷ್ಟವಾಗುತ್ತಿದೆ ಡಾಕ್ಟ್ರೇ" ಎಂಬ ಇಮೇಲಿಗಿಂತ "ಸ್ಕೋರ್ 7ರಿಂದ 10ಕ್ಕೆ ಏರಿದೆ, ತೂಕ 6 ಕೆ.ಜಿ. ಇಳಿದಿದೆ" ಎಂಬುದು ಬೇಗ ಕೆಲಸ ಮಾಡುತ್ತದೆ.

ಪೋಯಮ್, ಹೆಲ್ಲರ್, ಬಲೂನ್: ಯಾವುದು ಒಳ್ಳೆಯದು?

ಬಲೂನ್ ವಿಧಾನದಲ್ಲಿ 30 ಮಿ.ಮೀ. ಬಲೂನಿನಿಂದ ಶುರುಮಾಡಿ, ಬೇಕಾದರೆ 35, 40ಕ್ಕೆ ಏರಿಸುತ್ತಾ ವಾಲ್ವಿನ ಎಳೆಗಳನ್ನು ಹರಿಯುತ್ತಾರೆ. ಸುಲಭ, ಆದರೆ ಕೆಲವರಲ್ಲಿ ಅನ್ನನಾಳ ತೂತಾಗುತ್ತದೆ, ಮತ್ತೆ ಮತ್ತೆ ಮಾಡಿಸಬೇಕಾಗಿಯೂ ಬರುತ್ತದೆ. ದೂರದ ದೇಶಕ್ಕೆ ಹೋಗಿ ಬರುವವರಿಗೆ ಈ "ಮತ್ತೆ ಮತ್ತೆ" ಹೊಂದುವುದಿಲ್ಲ.

ಹೆಲ್ಲರ್ ಮಯೋಟಮಿ 1913ರಲ್ಲಿ ಜರ್ಮನಿಯ ಸರ್ಜನ್ ಅರ್ನ್ಸ್ಟ್ ಹೆಲ್ಲರ್ ಮಾಡಿದ್ದು. ಈಗ ಹೊಟ್ಟೆಯಲ್ಲಿ ಚಿಕ್ಕ ರಂಧ್ರಗಳ ಮೂಲಕ ಮಾಡುತ್ತಾರೆ. ಅನ್ನನಾಳದ ಮೇಲೆ ಸುಮಾರು 6 ಸೆಂ.ಮೀ., ಜಠರದ ಮೇಲೆ 2–3 ಸೆಂ.ಮೀ. ಸ್ನಾಯು ಕತ್ತರಿಸಿ, ಆಸಿಡ್ ತಡೆಯಲು ಜಠರದ ಮೇಲ್ಭಾಗವನ್ನು ಅರ್ಧ ಸುತ್ತಿ ಹೊಲಿಯುತ್ತಾರೆ.

ಪೋಯಮ್ ಎಂಬುದು ಬಾಯಿಯ ಮೂಲಕವೇ ಮಾಡುವ ಆಪರೇಷನ್. ಮನುಷ್ಯರಲ್ಲಿ ಮೊದಲು ಮಾಡಿದ್ದು 2008ರಲ್ಲಿ, ಜಪಾನಿನ ಹರುಹಿರೊ ಇನೊಯೆ. ಒಳಪದರದಲ್ಲಿ ಸುಮಾರು 2 ಸೆಂ.ಮೀ. ಸೀಳಿ, ಪದರಗಳ ನಡುವೆ ಸುರಂಗ ಕೊರೆದು, ವಾಲ್ವಿನ ಸ್ನಾಯು ಕತ್ತರಿಸಿ, ಸೀಳನ್ನು ಕ್ಲಿಪ್ಪುಗಳಿಂದ ಮುಚ್ಚುತ್ತಾರೆ. ಟೈಪ್ 3ಕ್ಕೆ ಇದೇ ಮೇಲು, ಏಕೆಂದರೆ ಸೆಳೆತ ಇರುವಷ್ಟು ಉದ್ದಕ್ಕೂ ಕತ್ತರಿಸಬಹುದು. ಜಠರ ಸುತ್ತಿ ಹೊಲಿಯುವುದು ಮಾತ್ರ ಇದರಲ್ಲಿ ಇಲ್ಲ.

2019ರಲ್ಲಿ ಪ್ರಕಟವಾದ 221 ರೋಗಿಗಳ ಹೋಲಿಕೆಯಲ್ಲಿ ಎರಡು ವರ್ಷದ ಮೇಲೆ ಪೋಯಮ್ ಶೇ. 83, ಹೆಲ್ಲರ್ ಶೇ. 81.7 ಯಶಸ್ವಿಯಾಗಿದ್ದವು. ಸಮ ಸಮ. ಆದರೆ ಎರಡು ವರ್ಷದಲ್ಲಿ ಆಸಿಡ್‌ನಿಂದ ಅನ್ನನಾಳ ಕೆಂಪಾಗಿದ್ದವರು ಪೋಯಮ್‌ನಲ್ಲಿ ಶೇ. 44, ಹೆಲ್ಲರ್‌ನಲ್ಲಿ ಶೇ. 29. ಟೈಪ್ 1 ಅಥವಾ 2 ಇದ್ದು, ಇನ್ನೂ ಚಿಕ್ಕ ವಯಸ್ಸಾಗಿದ್ದು, ಮೊದಲೇ ಹಯಾಟಸ್ ಹರ್ನಿಯಾ (ಜಠರದ ಮೇಲ್ಭಾಗ ಎದೆಯೊಳಗೆ ಜಾರಿರುವುದು) ಇದ್ದರೆ ಹೆಲ್ಲರ್ ಕಡೆ ವಾಲುವುದಕ್ಕೆ ಒಳ್ಳೆಯ ಕಾರಣವಿದೆ. ಹೊಸದು ಎಂಬ ಒಂದೇ ಕಾರಣಕ್ಕೆ ಪೋಯಮ್ ಆರಿಸಬೇಡಿ.

ಬೊಟಾಕ್ಸ್ ಹಾಕಿಸಿಕೊಂಡು ಕಾಯಬಹುದೇ?

ಇದು ವಾಲ್ವಿನ ಸ್ನಾಯುವನ್ನು ಸಡಿಲಿಸಲು ಎಂಡೋಸ್ಕೋಪಿಯ ಮೂಲಕ ಕೊಡುವ ಚುಚ್ಚುಮದ್ದು. ಆಪರೇಷನ್ ತಡೆದುಕೊಳ್ಳುವ ಶಕ್ತಿ ಇಲ್ಲದವರಿಗೆ ಅದು ಸರಿ. ಪರಿಣಾಮ ಆರು ತಿಂಗಳಿಂದ ಒಂದು ವರ್ಷ. ಪದೇ ಪದೇ ಹಾಕಿಸಿದರೆ ಪದರಗಳು ಅಂಟಿಕೊಂಡು ಮುಂದಿನ ಆಪರೇಷನ್ ಕಠಿಣವಾಗಬಹುದು. ವಿದೇಶದ ಸರ್ಜನ್ನರನ್ನು ಕೇಳದೆ ಹಾಕಿಸಬೇಡಿ.

ವಿದೇಶದ ಆಸ್ಪತ್ರೆಗೆ ಏನೇನು ಕೇಳಬೇಕು?

ನನಗೆ ಕತ್ತಿ ಹಿಡಿಯುವವರು ಯಾರು, ಅವರೇ ವರ್ಷಕ್ಕೆ ಎಷ್ಟು ಅಕಲೇಶಿಯಾ ಮಾಡುತ್ತಾರೆ? ಆಸ್ಪತ್ರೆಯ ಒಟ್ಟು ಲೆಕ್ಕ ಬೇಡ, ಅವರ ಲೆಕ್ಕ ಬೇಕು. ಅನ್ನನಾಳ ತೂತಾದರೆ ಅದೇ ಕಟ್ಟಡದಲ್ಲಿ ಎದೆಯ ಸರ್ಜನ್, ಐ.ಸಿ.ಯು. ಇದೆಯೇ? ಪ್ಯಾಕೇಜ್ ಹಣದಲ್ಲಿ ತೊಡಕಾದ ಮೇಲಿನ ಐ.ಸಿ.ಯು. ದಿನಗಳು ಸೇರಿವೆಯೇ? ಇದನ್ನು ಬರಹದಲ್ಲಿ ಪಡೆಯಿರಿ. ಮಾಮೂಲಿ ಪ್ರವಾಸಿ ವಿಮೆ ಮೊದಲೇ ಇದ್ದ ಕಾಯಿಲೆಗೂ ಯೋಜಿತ ಆಪರೇಷನ್ನಿನ ತೊಡಕಿಗೂ ಸಾಮಾನ್ಯವಾಗಿ ಹಣ ಕೊಡುವುದಿಲ್ಲ.

ಟಿಕೆಟ್ ಮಾಡಿಸುವ ಮುಂಚೆ ಇನ್ನೊಂದು ಕೆಲಸ: ವಾಪಸ್ ಬಂದ ಮೇಲೆ ನಿಮ್ಮನ್ನು ನೋಡಿಕೊಳ್ಳಲು ಒಪ್ಪುವ ಗ್ಯಾಸ್ಟ್ರೊಎಂಟರಾಲಜಿಸ್ಟ್ (ಜಠರ, ಕರುಳಿನ ತಜ್ಞರು) ಒಬ್ಬರನ್ನು ನಿಮ್ಮ ಊರಿನಲ್ಲೇ ಗೊತ್ತುಮಾಡಿಕೊಳ್ಳಿ. ಬೇರೆಯವರು ಮಾಡಿದ ಆಪರೇಷನ್ನಿನ ಜವಾಬ್ದಾರಿ ಹೊರಲು ಕೆಲವರು ಹಿಂಜರಿಯುತ್ತಾರೆ.

ಏನೇನು ತೆಗೆದುಕೊಂಡು ಹೋಗಬೇಕು?

ರಿಪೋರ್ಟಿನ ಕಾಗದ ಮಾತ್ರ ಸಾಲದು. ಬೇರಿಯಂ ಮತ್ತು ಸಿ.ಟಿ. ಚಿತ್ರಗಳು ಡೈಕಾಮ್ ರೂಪದಲ್ಲಿ (ಸ್ಕ್ಯಾನ್ ಯಂತ್ರದ ಮೂಲ ಕಡತಗಳು), ಮ್ಯಾನೊಮೆಟ್ರಿಯ ಬಣ್ಣದ ಚಿತ್ರಗಳು, ಎಂಡೋಸ್ಕೋಪಿ ಫೋಟೊಗಳು, ಬಯಾಪ್ಸಿ ರಿಪೋರ್ಟ್, ಹಿಂದೆ ಬಲೂನ್ ಅಥವಾ ಬೊಟಾಕ್ಸ್ ಆಗಿದ್ದರೆ ತಾರೀಖು ಮತ್ತು ಅಳತೆ, ಔಷಧಗಳ ಜೆನೆರಿಕ್ ಹೆಸರುಗಳು (ಕಂಪನಿಯ ಬ್ರ್ಯಾಂಡ್ ಹೆಸರಲ್ಲ, ಒಳಗಿರುವ ಮದ್ದಿನ ಹೆಸರು), ಅಲರ್ಜಿಗಳು. ಜೊತೆಗೆ ಆ ದೇಶದ ಭಾಷೆಯಲ್ಲಿ ಒಂದು ಚೀಟಿ ಜೇಬಿನಲ್ಲಿರಲಿ: "ನನಗೆ ಅಕಲೇಶಿಯಾ ಇದೆ. ಉಪವಾಸವಿದ್ದರೂ ಅನ್ನನಾಳದಲ್ಲಿ ಆಹಾರ ಇರಬಹುದು. ಪ್ರಜ್ಞೆ ತಪ್ಪಿಸುವ ಮುನ್ನ ಎಚ್ಚರ." ದಾರಿಯಲ್ಲಿ ಅಪಘಾತವಾದರೆ ಜೀವ ಉಳಿಸುವ ಚೀಟಿ ಇದು.

ವಿಮಾನದಲ್ಲಿ ಹೇಗೆ?

ಹಿಂದಿನ ರಾತ್ರಿಯಿಂದ ದ್ರವಾಹಾರಕ್ಕೇ ಬನ್ನಿ. ನಡುದಾರಿಯ ಪಕ್ಕದ ಸೀಟು ಕೇಳಿ. ಅನೇಕ ವಿಮಾನ ನಿಲ್ದಾಣಗಳಲ್ಲಿ 100 ಮಿ.ಲೀ. ಮೀರಿದ ದ್ರವ ಬಿಡುವುದಿಲ್ಲ. ವೈದ್ಯಕೀಯ ಪಾನೀಯಕ್ಕೆ ವಿನಾಯಿತಿ ಉಂಟು, ವೈದ್ಯರ ಪತ್ರ ಕೈಯಲ್ಲಿರಲಿ. ಸೀಟನ್ನು ಪೂರ್ತಿ ಒರಗಿಸಿ ನಿದ್ದೆ ಮಾಡಬೇಡಿ.

ಆಪರೇಷನ್ನಿಗೆ ಎಷ್ಟು ದಿನ ಮುಂಚೆ ಊಟ ಬಿಡಬೇಕು?

ಬೇರೆ ಆಪರೇಷನ್ನಿನ ಆರೆಂಟು ಗಂಟೆಯ ಉಪವಾಸ ಇಲ್ಲಿ ಸಾಲದು. ಒಂದೆರಡು ದಿನ ಬರೀ ತಿಳಿ ದ್ರವ ಎಂದು ಹೆಚ್ಚಿನವರು ಹೇಳುತ್ತಾರೆ, ಅನ್ನನಾಳ ತುಂಬಾ ಹಿಗ್ಗಿದ್ದರೆ ಇನ್ನೂ ಹೆಚ್ಚು. ಅರಿವಳಿಕೆ ಕೊಟ್ಟ ಕ್ಷಣದಲ್ಲಿ ಒಳಗೆ ನಿಂತದ್ದು ಶ್ವಾಸಕೋಶಕ್ಕೆ ನುಗ್ಗುವುದೇ ಇಲ್ಲಿನ ದೊಡ್ಡ ಅಪಾಯ. "ಸ್ವಲ್ಪವೇ ತಿಂದೆ" ಎಂಬುದನ್ನೂ ಮುಚ್ಚಿಡದೆ ಹೇಳಿ. ಎಂಡೋಸ್ಕೋಪಿಯಲ್ಲಿ ಬಿಳಿ ಪೊರೆಯಂಥ ಕ್ಯಾಂಡಿಡಾ ಎಂಬ ಶಿಲೀಂಧ್ರದ ಸೋಂಕು ಕಂಡರೆ ಅದನ್ನು ವಾಸಿ ಮಾಡಿಯೇ ಮುಂದುವರಿಯುತ್ತಾರೆ, ತಾರೀಖು ಹೋಗಬಹುದು. ಹೀಗಾಗಿ ಕಡೇ ತಿಂಗಳಲ್ಲಿ ಒಂದು ಎಂಡೋಸ್ಕೋಪಿ ಊರಲ್ಲೇ ಆಗಿದ್ದರೆ ಒಳ್ಳೆಯದು.

ಆದಮೇಲೆ ಮೊದಲ ದಿನಗಳು?

ಸಾಮಾನ್ಯವಾಗಿ ಮರುದಿನ ನೀರಿನಲ್ಲಿ ಕರಗುವ ಕಾಂಟ್ರಾಸ್ಟ್ (ಎಕ್ಸ್‌ರೇಯಲ್ಲಿ ಕಾಣುವ ದ್ರವ) ಕುಡಿಸಿ ಸೋರಿಕೆ ಇಲ್ಲವೆಂದು ನೋಡಿ ನೀರು ಶುರುಮಾಡುತ್ತಾರೆ. ಆಮೇಲೆ ದ್ರವ, ನಂತರ ಒಂದೆರಡು ವಾರ ಮೆತ್ತಗಿನದು. ಪೋಯಮ್ ಆದವರಿಗೆ ಕತ್ತಿನ ಚರ್ಮ ಒತ್ತಿದರೆ ಚರಪರ ಎನ್ನಬಹುದು. ಗಾಳಿ ಚರ್ಮದಡಿ ಸೇರಿರುವುದು, ತಾನಾಗಿ ಇಳಿಯುತ್ತದೆ. ಹೆಲ್ಲರ್ ಆದವರಿಗೆ ಭುಜ ನೋಯುವುದೂ ಮಾಮೂಲು. ಜ್ವರ, ಜೋರಾಗುವ ಎದೆನೋವು, ಉಸಿರಾಟ ಕಷ್ಟ, ರಕ್ತವಾಂತಿ, ಕಪ್ಪು ಮಲ ಇವು ಮಾಮೂಲಲ್ಲ, ರಾತ್ರಿ ಎಷ್ಟು ಹೊತ್ತಾದರೂ ಆಸ್ಪತ್ರೆಗೇ ಹೋಗಿ.

ಡಿಸ್ಚಾರ್ಜ್ ಆದ ಮರುದಿನವೇ ವಿಮಾನ ಹತ್ತಬಹುದೇ?

ಬೇಡ. ವಿಮಾನದೊಳಗಿನ ಒತ್ತಡ ನೆಲದಲ್ಲಿರುವುದಕ್ಕಿಂತ ಕಡಿಮೆ, ಎದೆಯೊಳಗೆ ಸಿಕ್ಕಿಕೊಂಡ ಗಾಳಿ ಅಲ್ಲಿ ಹಿಗ್ಗುತ್ತದೆ. ಸೋರಿಕೆ ಕಾಣಿಸಿಕೊಳ್ಳುವುದಿದ್ದರೂ ಹೆಚ್ಚಾಗಿ ಮೊದಲ ದಿನಗಳಲ್ಲೇ. ಒಂದರಿಂದ ಎರಡು ವಾರ ಆಸ್ಪತ್ರೆಗೆ ಹತ್ತಿರದಲ್ಲೇ ಇರುವಂತೆ ವಾಸ್ತವ್ಯ ಗೊತ್ತುಮಾಡಿ, ತಾರೀಖು ಬದಲಿಸಬಹುದಾದ ಟಿಕೆಟ್ ಕೊಳ್ಳಿ, ಸರ್ಜನ್ನರಿಂದ ಪ್ರಯಾಣಕ್ಕೆ ಒಪ್ಪಿಗೆ ಪತ್ರ ಪಡೆಯಿರಿ. ಭಾರ ಎತ್ತಬೇಡಿ, ಸೂಟ್‌ಕೇಸ್ ಜೊತೆಯವರದು.

ಆಪರೇಷನ್ ಆದಮೇಲೆ ಎದೆಯುರಿ ಇಲ್ಲದಿದ್ದರೂ ಆಸಿಡ್ ತಗ್ಗಿಸುವ ಮಾತ್ರೆ ಏಕೆ?

ವಾಲ್ವ್ ತೆರೆದಿದೆ, ತೊಳೆದು ಕೆಳಗೆ ತಳ್ಳುವ ಅಲೆ ಇಲ್ಲ. ಆಸಿಡ್ ಬಂದರೆ ಅಲ್ಲೇ ನಿಲ್ಲುತ್ತದೆ. ಹಲವರಿಗೆ ಉರಿ ಗೊತ್ತೇ ಆಗದೆ ಹುಣ್ಣಾಗುತ್ತದೆ. ಚೆನ್ನಾಗಿದ್ದೇನಲ್ಲ ಎಂದು ಮಾತ್ರೆ ತಾನಾಗಿ ಬಿಡುವುದು ಮನೆಗೆ ಬಂದ ಮೇಲೆ ಆಗುವ ಮೊದಲ ತಪ್ಪು. ಮೂರು ತಿಂಗಳಿಗೆ ಬೇರಿಯಂ, ವರ್ಷದೊಳಗೆ ಒಂದು ಎಂಡೋಸ್ಕೋಪಿ ಇಟ್ಟುಕೊಳ್ಳಿ.

ಮೊದಲಿನ ಹಾಗೆ ಊಟ ಮಾಡಬಹುದೇ?

ಬಹಳ ಮಟ್ಟಿಗೆ. ನೆಟ್ಟಗೆ ಕೂರುವುದು, ಚೆನ್ನಾಗಿ ಅಗಿಯುವುದು, ಪಕ್ಕದಲ್ಲಿ ನೀರು ಇವು ಉಳಿಯುತ್ತವೆ. ಟೈಪ್ 3ರವರಿಗೆ ಎದೆನೋವಿನ ಸೆಳೆತ ಆಗಾಗ ಬರುತ್ತಿರಬಹುದು.

ಒಂದೆರಡು ವರ್ಷದ ಮೇಲೆ ಮತ್ತೆ ಸಿಕ್ಕಿಕೊಳ್ಳಲು ಶುರುವಾದರೆ?

ಕಾರಣ ಹಲವು: ಜಠರದ ಕಡೆ ಸ್ನಾಯು ಪೂರ್ತಿ ಕತ್ತರಿಸದಿರುವುದು, ಗಾಯ ಗಂಟಾಗಿ ಬಿಗಿಯುವುದು, ಸುತ್ತಿದ ಜಠರ ಬಿಗಿಯಾಗುವುದು, ಆಸಿಡ್‌ನಿಂದ ದಾರಿ ಕಿರಿದಾಗುವುದು. ಒಂದೊಂದಕ್ಕೂ ಚಿಕಿತ್ಸೆ ಬೇರೆ, ಹಾಗಾಗಿ ಮೊದಲು ಎಂಡೋಸ್ಕೋಪಿ, ಬೇರಿಯಂ, ಮ್ಯಾನೊಮೆಟ್ರಿ ಮತ್ತೆ ಆಗಬೇಕು. ಆಗ ಊರಿನ ವೈದ್ಯರು ಮೊದಲು ಕೇಳುವುದು ಆಪರೇಷನ್ ನೋಟ್: ಎಷ್ಟು ಸೆಂಟಿಮೀಟರ್ ಕತ್ತರಿಸಿದರು, ಮುಂಭಾಗದಲ್ಲೋ ಹಿಂಭಾಗದಲ್ಲೋ, ಜಠರ ಎಷ್ಟು ಸುತ್ತಿದರು. ಮುಂಭಾಗದಲ್ಲಿ ಪೋಯಮ್ ಆಗಿದ್ದರೆ ಎರಡನೆಯದನ್ನು ಹಿಂಭಾಗದಲ್ಲಿ ಮಾಡಬಹುದು. ಡಿಸ್ಚಾರ್ಜ್ ಸಮ್ಮರಿಯಲ್ಲಿ ಇದು ಇರುವುದಿಲ್ಲ. ಆಪರೇಷನ್ ನೋಟನ್ನು ಬೇರೆಯಾಗಿಯೇ ಕೇಳಿ ಪಡೆಯಬೇಕು, ಅದೂ ಆ ದೇಶ ಬಿಡುವ ಮುಂಚೆ. ಕ್ಲಿಪ್ಪಿನ ಕಂಪನಿ ಮತ್ತು ಮಾದರಿಯನ್ನೂ ಅದರಲ್ಲೇ ಬರೆಸಿಕೊಳ್ಳಿ. ಅದು ಲೋಹದ್ದು; ಉದುರುವ ಮೊದಲು ಎಂ.ಆರ್.ಐ. ಬೇಕಾದರೆ ಅಲ್ಲಿನವರು ಅದನ್ನೇ ಕೇಳುತ್ತಾರೆ.